ಪರ್ಸೋನಾ 4 ಗೋಲ್ಡನ್: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಗೇಮ್ ಆಡಿ ನೋಡಿ ಎಂದು ಯಾರಿಗೆ ಹೇಳಿದರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ತಿರುಗಿ ಬರುತ್ತವೆ. ಕೆಲವರು ಎದುರಿಗೇ ಕೇಳಿದ್ದಾರೆ, ಕೆಲವರು ಬರೆದು ಕೇಳಿದ್ದಾರೆ. ಅವರವರು ಕೇಳಿದ ಧಾಟಿಯಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಕೊಲೆಗಾರ ಯಾರೆಂದು ಎಲ್ಲೂ ಹೇಳಿಲ್ಲ. ಕಥೆಯ ಕೊನೆಯ ತಿಂಗಳುಗಳ ಸುಳಿವು ಬರುವ ಉತ್ತರ ಒಂದೇ ಒಂದು. ಅಲ್ಲಿ ಮೊದಲೇ ಎಚ್ಚರಿಸಿದ್ದೇನೆ.

## ಶುರು ಮಾಡುವ ಮುನ್ನ

ಸ್ಕೂಲೂ ಅಂತೀರಿ, ಒಳಗೆ ಹೋಗಿ ಫೈಟೂ ಅಂತೀರಿ. ಅಸಲಿಗೆ ಇದು ಎಂಥಾ ಗೇಮ್?

ಅಪ್ಪ ಅಮ್ಮ ಕೆಲಸದ ಮೇಲೆ ವಿದೇಶಕ್ಕೆ ಹೋದ್ದರಿಂದ ನಗರದ ಹೈಸ್ಕೂಲ್ ಹುಡುಗನೊಬ್ಬ ಒಂದು ವರ್ಷದ ಮಟ್ಟಿಗೆ ಸೋದರಮಾವನ ಮನೆಗೆ ಬರುತ್ತಾನೆ. ಊರು ಇನಾಬಾ, ಜಪಾನಿನ ಒಳನಾಡಿನ ಸಣ್ಣ ಊರು. ಮಾವ ದೋಜಿಮಾ ಪೊಲೀಸ್ ಪತ್ತೇದಾರ, ಹೆಂಡತಿಯನ್ನು ಕಳೆದುಕೊಂಡವರು. ಮನೆಯಲ್ಲಿ ಪುಟ್ಟ ಮಗಳು ನನಾಕೊ. ಹುಡುಗ ರೈಲಿಳಿಯುವುದು 2011ರ ಏಪ್ರಿಲ್ 11ರಂದು. ಅದಾದ ಮರುದಿನವೇ ಟಿವಿ ನಿರೂಪಕಿಯೊಬ್ಬಳ ಶವ ಮನೆಯೊಂದರ ಆಂಟೆನಾದಲ್ಲಿ ತಲೆಕೆಳಗಾಗಿ ನೇತಾಡುತ್ತಿರುವುದು ಕಾಣುತ್ತದೆ.

ಶಾಲೆಯಲ್ಲಿ ಒಂದು ಗುಸುಗುಸು ಹಬ್ಬಿದೆ: ಮಳೆ ಬರುವ ರಾತ್ರಿ ಹನ್ನೆರಡಕ್ಕೆ, ಆಫ್ ಮಾಡಿದ ಟಿವಿಯನ್ನು ಒಬ್ಬರೇ ಕೂತು ನೋಡಿದರೆ ಅದರಲ್ಲಿ ಯಾರೋ ಕಾಣಿಸುತ್ತಾರಂತೆ. ನಮ್ಮ ಹುಡುಗ ನೋಡುತ್ತಾನೆ. ಮುಟ್ಟಲು ಹೋದರೆ ಕೈ ಪರದೆಯ ಒಳಕ್ಕೇ ಇಳಿಯುತ್ತದೆ. ಟಿವಿಯ ಆಚೆ ಮಂಜು ಕವಿದ ಇನ್ನೊಂದು ಲೋಕವಿದೆ, ಅಲ್ಲಿಗೆ ತಳ್ಳಲ್ಪಟ್ಟವರು ಸಾಯುತ್ತಿದ್ದಾರೆ. ಗೆಳೆಯರೆಲ್ಲ ಸೇರಿ ಅವರನ್ನು ಬದುಕಿಸಬೇಕು, ಕೊಲೆಗಾರನನ್ನು ಹುಡುಕಬೇಕು.

ಅಂದರೆ ಹಗಲು ತರಗತಿ, ಸಂಜೆ ಗೆಳೆಯರು, ಕ್ಲಬ್, ಪಾರ್ಟ್‌ಟೈಮ್ ಕೆಲಸ. ಬೇಕೆನಿಸಿದ ದಿನ ಟಿವಿಯೊಳಗಿನ ಡಂಜನ್‌ನಲ್ಲಿ (ಶತ್ರುಗಳು ತುಂಬಿದ ಹಲವು ಮಹಡಿಗಳ ಜಾಗ) ಸರದಿ ಪ್ರಕಾರ ನಡೆಯುವ ಕಾಳಗ. ಇವು ಎರಡು ಬೇರೆ ಗೇಮ್‌ಗಳನ್ನು ಅಂಟಿಸಿದಂತಿಲ್ಲ. ಗೆಳೆತನ ಗಟ್ಟಿಯಾದಷ್ಟೂ ಕಾಳಗದ ಶಕ್ತಿ ಹೆಚ್ಚುತ್ತದೆ. ಡಂಜನ್‌ನಿಂದ ಬದುಕಿ ಬಂದವರು ನಿಮ್ಮ ಗೆಳೆಯರಾಗುತ್ತಾರೆ. ಈ ಹೆಣಿಗೆಯೇ ಗೇಮಿನ ಜೀವಾಳ.

ಇದು 4 ಅಂದ್ಮೇಲೆ 1, 2, 3 ಆಡಿರಲೇಬೇಕಾ?

ಬೇಡ. ಪ್ರತಿ ಭಾಗದಲ್ಲೂ ಕಥೆ ಬೇರೆ, ಊರು ಬೇರೆ, ಪಾತ್ರಗಳು ಬೇರೆ. ಸರಣಿ ಶುರುವಾದದ್ದು 1996ರಲ್ಲಿ, ಅಟ್ಲಸ್ ಕಂಪನಿಯ ಮೆಗಾಮಿ ಟೆನ್ಸೈ ಗೇಮ್‌ಗಳ ಕವಲಾಗಿ. ಕ್ಯಾಲೆಂಡರ್ ಹಿಡಿದು ದಿನ ಎಣಿಸುತ್ತಾ ಶಾಲಾ ವರ್ಷ ಕಳೆಯುವ ಈಗಿನ ರೂಪ ಬಂದದ್ದು 2006ರ ಪರ್ಸೋನಾ 3ರಲ್ಲಿ. 4ರಲ್ಲಿ ಶಾಲಾ ಪ್ರವಾಸಕ್ಕೆ ಮಕ್ಕಳು ಹೋಗುವುದು 3ರ ಕಥೆ ನಡೆದ ಊರಿಗೆ. ಅದು ಗೊತ್ತಿದ್ದವರಿಗೆ ಒಂದು ಖುಷಿ, ಗೊತ್ತಿಲ್ಲದವರಿಗೆ ನಷ್ಟವೇನಿಲ್ಲ.

ಬರೀ ಪರ್ಸೋನಾ 4 ಅಂತಾನೂ ಇದೆ, ಗೋಲ್ಡನ್ ಅಂತಾನೂ ಇದೆ. ಯಾವುದು ತಗೊಳ್ಲಿ? ಹೊಸ ರೀಮೇಕ್ ಬರುತ್ತಂತಲ್ಲ, ಕಾಯ್ಲಾ?

ಗೋಲ್ಡನ್ ತಗೊಳ್ಳಿ. ಮೂಲ ಗೇಮ್ 2008ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂತು, ನಿರ್ದೇಶಕರು ಕತ್ಸುರಾ ಹಶಿನೊ. 2012ರಲ್ಲಿ ಸೋನಿಯ ಪ್ಲೇಸ್ಟೇಷನ್ ವೀಟಾಗೆ ಬಂದ ಗೋಲ್ಡನ್‌ನಲ್ಲಿ ಮರಿ ಎಂಬ ಹೊಸ ಪಾತ್ರ, ಚಳಿಗಾಲದ ತಿಂಗಳುಗಳು, ಹೊಸ ಡಂಜನ್, ಸ್ಕೂಟರ್ ಏರಿ ಪಕ್ಕದ ಪಟ್ಟಣಕ್ಕೆ ಹೋಗುವ ಅವಕಾಶ ಎಲ್ಲ ಸೇರಿದವು. ಇವೆಲ್ಲಕ್ಕಿಂತ ದೊಡ್ಡ ಉಪಕಾರ ಇನ್ನೊಂದಿದೆ. ಪರ್ಸೋನಾ ಎಂದರೆ ಪಾತ್ರಗಳು ಕಾಳಗದಲ್ಲಿ ಕರೆಸುವ ಶಕ್ತಿರೂಪ. ಎರಡು ಪರ್ಸೋನಾಗಳನ್ನು ಬೆರೆಸಿ ಹೊಸದನ್ನು ಮಾಡುವಾಗ ಯಾವ ಸ್ಕಿಲ್ ಉಳಿಯಬೇಕೆಂದು ಗೋಲ್ಡನ್‌ನಲ್ಲಿ ನೀವೇ ಆರಿಸಬಹುದು. ಹಳೆಯದರಲ್ಲಿ ಅದನ್ನು ಗೇಮ್ ತನಗೆ ತೋಚಿದಂತೆ ಕೊಡುತ್ತಿತ್ತು. ಬೇಕಾದ ಸ್ಕಿಲ್ ಬರುವವರೆಗೆ ರದ್ದು ಮಾಡಿ ಮತ್ತೆ ಆರಿಸುವುದೇ ಕೆಲಸವಾಗುತ್ತಿತ್ತು.

ಪರ್ಸೋನಾ 4 ರಿವೈವಲ್ ಹೆಸರಿನ ರೀಮೇಕ್ ಘೋಷಣೆಯಾದದ್ದು 2025ರ ಜೂನ್‌ನಲ್ಲಿ. ಅದಕ್ಕಾಗಿ ಕಾಯಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಗೋಲ್ಡನ್ ಇಂದಿಗೂ ಹಳತೆನಿಸುವುದಿಲ್ಲ. ಶಿಗೆನೊರಿ ಸೊಎಜಿಮಾ ಬರೆದ ಪಾತ್ರಚಿತ್ರಗಳ ಅಂದ ಹಾಗೇ ಇದೆ. ಇದನ್ನು ಆಡಿದವರಿಗೆ ಮುಂದೆ ರೀಮೇಕ್ ನೋಡುವ ಕಣ್ಣೇ ಬೇರೆಯಾಗಿರುತ್ತದೆ.

ನನ್ನ ಹತ್ರ ಪ್ಲೇಸ್ಟೇಷನ್ ಇಲ್ಲ, ಹಳೇ ಲ್ಯಾಪ್‌ಟಾಪ್ ಇದೆ. ನಡೆಯುತ್ತಾ?

ಬಹುಮಟ್ಟಿಗೆ ನಡೆಯುತ್ತದೆ. ಕೈಯಲ್ಲಿ ಹಿಡಿಯುವ ವೀಟಾಕ್ಕೆಂದು ಮಾಡಿದ ಗೇಮ್ ಆದ್ದರಿಂದ ಭಾರ ಕಡಿಮೆ, ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಬಂದದ್ದು 2020ರ ಜೂನ್ 13ರಂದು. 2023ರ ಜನವರಿಯಲ್ಲಿ ಸ್ವಿಚ್, ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್ 4ಕ್ಕೂ ಬಂತು. ಸ್ಟೀಮ್ ರಿಯಾಯಿತಿ ಮಾರಾಟದ ದಿನಗಳಲ್ಲಿ ಬೆಲೆ ಇಳಿಯುವುದುಂಟು, ಅವಸರವಿಲ್ಲದಿದ್ದರೆ ಆಗ ಕೊಳ್ಳಿ. ಕೀಬೋರ್ಡ್‌ನಲ್ಲೂ ಆಡಬಹುದು, ಆದರೆ ಒಂದು ಸಾಧಾರಣ ಕಂಟ್ರೋಲರ್ ಇದ್ದರೆ ಕೈಗೆ ಸುಖ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಅರ್ಥ ಆಗುತ್ತಾ?

ಕನ್ನಡದಲ್ಲಿ ಇಲ್ಲ. ಇದು ಪೂರ್ತಿ ಮಾತಿನ ಗೇಮ್, ಓದುವುದು ಬಹಳ ಇರುತ್ತದೆ. ಆದರೆ ಆ ಮಾತು ಹದಿಹರೆಯದವರ ದಿನಬಳಕೆಯದು. ವಾಕ್ಯಗಳು ಚಿಕ್ಕವು, ನೀವು ಗುಂಡಿ ಒತ್ತುವವರೆಗೆ ಪರದೆ ಬಿಟ್ಟು ಹೋಗುವುದಿಲ್ಲ. ಪಿಯುಸಿ ಮಟ್ಟದ ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವವರಿಗೆ ತೊಂದರೆಯಾಗದು. ದನಿ ಇಂಗ್ಲಿಷಿನದೋ ಜಪಾನಿಯದೋ ಆರಿಸಿಕೊಳ್ಳಬಹುದು. ಓದಿನಲ್ಲಿ ನಿಧಾನ ಇರುವವರು ಇಂಗ್ಲಿಷ್ ದನಿಯನ್ನೇ ಇಟ್ಟುಕೊಳ್ಳಿ, ಕಿವಿ ಕಣ್ಣಿಗೆ ನೆರವಾಗುತ್ತದೆ.

ಮಗನಿಗೆ ಹದಿಮೂರು ವರ್ಷ. ಕಾರ್ಟೂನ್ ತರಹ ಇದೆಯಲ್ಲ, ಕೊಡಬಹುದಾ ಮೇಡಂ?

ಚಿತ್ರ ನೋಡಿ ತೀರ್ಮಾನಿಸಬೇಡಿ. ಅಮೆರಿಕದ ರೇಟಿಂಗ್ ಮಂಡಳಿ ಇದನ್ನು 17 ದಾಟಿದವರಿಗೆ ಎಂದು ಗುರುತಿಸಿದೆ. ರಕ್ತ ಚೆಲ್ಲಾಡುವುದಿಲ್ಲ, ಆದರೆ ಕೊಲೆಗಳಿವೆ, ಮೈ ಬಗೆಗಿನ ತಮಾಷೆಗಳಿವೆ, ಹದಿಹರೆಯದವರ ಮುಜುಗರಗಳನ್ನು ಬಿಚ್ಚಿಡುವ ದೃಶ್ಯಗಳಿವೆ. ಹದಿಮೂರಕ್ಕೆ ಬೇಡ ಎನ್ನುತ್ತೇನೆ. ಹದಿನಾರು ಹದಿನೇಳರ ಮಕ್ಕಳಾದರೆ ಪಕ್ಕದಲ್ಲಿ ಕೂತು ನೀವೂ ನೋಡಿ. ತಾಯಿಯಿಲ್ಲದ ಮನೆಯಲ್ಲಿ ಅಪ್ಪ ಮಗಳು ಹೇಗೆ ಒಬ್ಬರನ್ನೊಬ್ಬರು ತಪ್ಪಿಸಿಕೊಳ್ಳುತ್ತಾರೆ, ಮತ್ತೆ ಹೇಗೆ ಹತ್ತಿರವಾಗುತ್ತಾರೆ ಎಂಬುದು ದೊಡ್ಡವರಿಗೇ ಹೆಚ್ಚು ತಟ್ಟುವ ಭಾಗ.

## ಮೊದಲ ತಿಂಗಳು

ಮೂರು ಗಂಟೆ ಆಯ್ತು, ಬರೀ ಮಾತೇ ಮಾತು. ಗೇಮ್ ಯಾವಾಗ ಶುರುವಾಗೋದು?

ಇನ್ನೊಂದು ಗಂಟೆ ತಡೆದುಕೊಳ್ಳಿ. ಅನೇಕರು ಕೈಬಿಡುವುದು ಇಲ್ಲೇ, ನನಗೆ ಬೇಸರ ತರುವ ಸಂಗತಿ ಇದು. ಮೊದಲ ಗಂಟೆಗಳಲ್ಲಿ ನಿಮ್ಮ ಕೈಗೆ ಹಗ್ಗ ಕೊಡುವುದೇ ಇಲ್ಲ, ನಿಜ. ಆದರೆ ಆ ಹೊತ್ತಿನಲ್ಲಿ ಗೇಮ್ ಊರನ್ನು ಕಟ್ಟುತ್ತಿರುತ್ತದೆ.

ಮೊದಲ ರಾತ್ರಿಯ ಊಟವನ್ನೇ ಗಮನಿಸಿ. ತಟ್ಟೆ ಎತ್ತುವಷ್ಟರಲ್ಲಿ ಮಾವನಿಗೆ ಫೋನ್ ಬರುತ್ತದೆ, ಕೆಲಸಕ್ಕೆ ಓಡುತ್ತಾರೆ. ನನಾಕೊಗೆ ಇದು ಮಾಮೂಲು. ಟಿವಿ ಹಾಕಿಕೊಂಡು ಕೂರುತ್ತಾಳೆ, ಜುನೆಸ್ ಮಳಿಗೆಯ ಜಾಹೀರಾತು ಬಂದಾಗ ಅದರ ಹಾಡಿನ ಸಾಲನ್ನು ತಾನೂ ಹಾಡುತ್ತಾಳೆ. ಹೊಸದಾಗಿ ಬಂದ ಅಣ್ಣನ ಜೊತೆ ಏನು ಮಾತಾಡಬೇಕೆಂದು ಅವಳಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಇದೇ ಮೇಜು, ಇದೇ ಟಿವಿ, ಇದೇ ಮೂವರು ಡಿಸೆಂಬರ್‌ನಲ್ಲಿ ಎದುರಾದಾಗ ಈ ನಿಧಾನ ಏಕೆ ಬೇಕಿತ್ತೆಂದು ಗೊತ್ತಾಗುತ್ತದೆ. ಕಥೆ ಮುಗಿಸಲು 60ರಿಂದ 80 ಗಂಟೆ ಹಿಡಿಯುವ ಗೇಮ್ ಇದು. ಮೊದಲ ಮೂರು ಗಂಟೆ ಅದಕ್ಕೆ ಹಾಕುವ ಪಾಯ.

ಒಂದು ದಿನದಲ್ಲಿ ಏನೇನು ಮಾಡಬಹುದು? ಎಲ್ಲಾ ಮಾಡೋಕೆ ಟೈಮೇ ಸಾಲಲ್ಲ.

ಸಾಲದಿರಲಿ ಎಂದೇ ಹಾಗೆ ಮಾಡಿದ್ದಾರೆ. ಶಾಲೆ ಬಿಟ್ಟ ಮೇಲೆ ಒಂದು ಕೆಲಸ, ರಾತ್ರಿ ಒಂದು ಕೆಲಸ, ದಿನ ಮುಗಿಯಿತು. ಟಿವಿಯೊಳಗೆ ಹೋದರೆ ಶಾಲೆ ಬಿಟ್ಟ ಮೇಲಿನ ಹೊತ್ತು ಪೂರ್ತಿ ಅದಕ್ಕೇ. ಹಾಗಾಗಿ ಗೇಮಿನಲ್ಲಿ ಹಣಕ್ಕಿಂತ, ಲೆವೆಲ್‌ಗಿಂತ ಬೆಲೆಬಾಳುವುದು ದಿನ. ಇವತ್ತು ಸಹಪಾಠಿ ಚಿಯೆ ಜೊತೆ ನದಿ ದಂಡೆಗೆ ಹೋದರೆ ಕ್ಲಬ್ಬಿನವರನ್ನು ಬಿಡಬೇಕು.

ನನ್ನ ಸಲಹೆ ಇಷ್ಟೆ: ಡಂಜನ್ ತೆರೆದ ಕೂಡಲೇ ಎರಡು ಮೂರು ದಿನದೊಳಗೆ ಅದನ್ನು ಮುಗಿಸಿಬಿಡಿ. ಉಳಿದ ದಿನಗಳೆಲ್ಲ ನಿಮ್ಮವು. ರಾತ್ರಿ ಹೊತ್ತು ಕೂತು ಓದುವುದು, ಕವರ್ ಅಂಟಿಸುವುದು, ಕಾಗದದ ಕೊಕ್ಕರೆ ಮಡಿಸುವುದು ಇಂಥವನ್ನು ಮಾಡುತ್ತಾ ಗುಣಗಳನ್ನು ಬೆಳೆಸಿ. ಧೈರ್ಯ, ಶ್ರದ್ಧೆ, ಜ್ಞಾನ, ಸಹಾನುಭೂತಿ, ಅಭಿವ್ಯಕ್ತಿ ಎಂಬ ಐದು ಗುಣಗಳಿವೆ, ಪ್ರತಿಯೊಂದಕ್ಕೂ ಐದು ಮಟ್ಟ. ಇವು ಕಡಿಮೆಯಿದ್ದರೆ ಕೆಲವರು ನಿಮ್ಮ ಜೊತೆ ಮನಸ್ಸು ಬಿಚ್ಚುವುದಿಲ್ಲ. ಮಳೆ ಬಂದ ದಿನ ಐಯಾ ಹೋಟೆಲ್ಲಿನ ರಾಶಿ ಬೀಫ್ ಬೌಲ್ ತಿನ್ನುವ ಸವಾಲು ತಪ್ಪಿಸಬೇಡಿ, ಒಂದೇ ಏಟಿಗೆ ಹಲವು ಗುಣ ಏರುತ್ತವೆ.

ರಾತ್ರಿ ಟಿವಿಯಲ್ಲಿ ಹವಾಮಾನ ವರದಿ ಯಾಕೆ ಅಷ್ಟು ಸಲ ತೋರಿಸ್ತಾರೆ?

ನಿಮ್ಮ ಗಡುವು ಅದರಲ್ಲೇ ಇದೆ. ಕೆಲವು ದಿನ ಸತತ ಮಳೆ ಬಂದು ನಿಂತರೆ ಊರಿನಲ್ಲಿ ಮಂಜು ಇಳಿಯುತ್ತದೆ. ಮಂಜು ಇಳಿದ ದಿನ, ಟಿವಿಯೊಳಗೆ ಸಿಕ್ಕಿಕೊಂಡವರು ಸಾಯುತ್ತಾರೆ. ಅಷ್ಟರೊಳಗೆ ಬಿಡಿಸಿ ತರದಿದ್ದರೆ ಆಟ ಮುಗಿದಂತೆ. ಒಂದು ವಾರ ಹಿಂದಕ್ಕೆ ಹೋಗುವ ಅವಕಾಶ ಕೊಡುತ್ತಾರೆ, ಆದರೂ ಅದನ್ನು ನೆಚ್ಚಿಕೊಳ್ಳಬೇಡಿ. ಮೊದಲ ಗಡುವು ಏಪ್ರಿಲ್ 29.

ಮಳೆ ಇಲ್ಲಿ ಬರೀ ಗಡಿಯಾರವಲ್ಲ. ಬಿಸಿಲಿನ ದಿನ ಊರಲ್ಲಿ ಓಡಾಡುವಾಗ ಕೇಳುವ ಹಾಡು ಒಂದು, ಮೋಡ ಮಳೆಯ ದಿನದ್ದು ಇನ್ನೊಂದು. ಶೋಜಿ ಮೆಗುರೊ ಅವರ ಸಂಗೀತಕ್ಕೆ ದನಿ ಕೊಟ್ಟವರು ಶಿಹೊಕೊ ಹಿರಾತಾ. ಮಳೆಯ ದಿನ ಕೆಲವು ಗೆಳೆಯರು ಸಿಗುವುದಿಲ್ಲ, ಅಂಗಡಿ ಬೀದಿ ಬಿಕೋ ಎನ್ನುತ್ತದೆ. ಶಿರಸಿ, ಆಗುಂಬೆ ಕಡೆ ಮಳೆಗಾಲ ಕಳೆದವರಿಗೆ ಆ ಮನಸ್ಥಿತಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಯುಕಿಕೊ ಕೋಟೆಯಲ್ಲಿ ಸೋತು ಸೋತು ಸಾಕಾಯ್ತು. ಎಸ್‌ಪಿ ಉಳಿಯೋದೇ ಇಲ್ಲ!

ಸಹಪಾಠಿ ಯುಕಿಕೊ ಸಿಕ್ಕಿಕೊಂಡಿರುವ ಈ ಕೋಟೆಯೇ ಮೊದಲ ಡಂಜನ್, ಎಲ್ಲರಿಗೂ ಕಷ್ಟವೇ. ಮುಂದಿನವುಗಳಿಗಿಂತ ಇದೇ ಹೆಚ್ಚು ಕಾಡುತ್ತದೆ, ಏಕೆಂದರೆ ಕೈಯಲ್ಲಿ ಸ್ಕಿಲ್ ಕಡಿಮೆ, ಎಸ್‌ಪಿ (ಮಂತ್ರ ಬಳಸಲು ಖರ್ಚಾಗುವ ಶಕ್ತಿ) ತುಂಬಿಸುವ ದಾರಿಯೂ ಕಡಿಮೆ.

ಕಾಳಗದ ಗುಟ್ಟು ಒಂದೇ: ಟಿವಿ ಲೋಕದ ಶತ್ರುಗಳಾದ ಶ್ಯಾಡೋಗಳಲ್ಲಿ ಹೆಚ್ಚಿನವಕ್ಕೆ ಬೆಂಕಿ, ಮಂಜುಗಡ್ಡೆ, ಮಿಂಚು, ಗಾಳಿ ಹೀಗೆ ಯಾವುದಾದರೊಂದು ದೌರ್ಬಲ್ಯ ಇರುತ್ತದೆ. ಅದಕ್ಕೆ ಹೊಡೆದರೆ ಶತ್ರು ನೆಲಕ್ಕುರುಳುತ್ತದೆ, ನಿಮಗೆ ಇನ್ನೊಂದು ಸರದಿ ಸಿಗುತ್ತದೆ. ಎಲ್ಲ ಶತ್ರುಗಳೂ ಬಿದ್ದರೆ ಇಡೀ ತಂಡ ಒಟ್ಟಿಗೇ ಮುಗಿಬೀಳಬಹುದು. ನಿಮ್ಮವರ ದೌರ್ಬಲ್ಯಕ್ಕೂ ಇದೇ ನಿಯಮ ಅನ್ವಯಿಸುತ್ತದೆ ಎಂಬುದನ್ನು ಮರೆತವರೇ ಹೆಚ್ಚು ಸೋಲುವುದು. ನಾಯಕ ಸತ್ತರೆ, ಉಳಿದವರು ಬದುಕಿದ್ದರೂ ಆಟ ಮುಗಿಯಿತು. ಹಾಗಾಗಿ ಮೊದಲು ಅವನ ಆರೋಗ್ಯ ನೋಡಿ.

ಮಾಮೂಲು ಶ್ಯಾಡೋಗಳಿಗೆ ಬೆನ್ನ ಹಿಂದಿನಿಂದ ಹೊಡೆದು ಕಾಳಗ ಶುರು ಮಾಡಿ, ಮೊದಲ ಸರದಿ ನಿಮ್ಮದಾಗುತ್ತದೆ. ಎಸ್‌ಪಿ ಖಾಲಿಯಾದರೆ ಹಠ ಬೇಡ, ಗೋಹೋ-ಎಮ್ ಎಂಬ ವಸ್ತು ಬಳಸಿ ಹೊರಬನ್ನಿ. ಇನ್ನೊಂದು ದಿನ ಹೋದಾಗ ಎಲ್ಲರದೂ ತುಂಬಿರುತ್ತದೆ. ಈ ಕೋಟೆ ಮುಗಿದ ಮೇಲೆ ದೇಗುಲದ ನರಿಯೊಂದು ಜೊತೆಯಾಗುತ್ತದೆ. ಹಣ ಕೊಟ್ಟರೆ ಡಂಜನ್ ಬಾಗಿಲಲ್ಲೇ ಎಸ್‌ಪಿ ತುಂಬಿಸುತ್ತದೆ. ಶುರುವಿನಲ್ಲಿ ಬೆಲೆ ಬಿಸಿ ಮುಟ್ಟಿಸುತ್ತದೆ. ಜನ ಮರದ ಹಲಗೆಯ ಮೇಲೆ ಬರೆದು ಕಟ್ಟಿದ ಹರಕೆಗಳನ್ನು ನೀವು ನಡೆಸಿಕೊಟ್ಟ ಹಾಗೆಲ್ಲ ನರಿಯ ಸ್ನೇಹ ಬೆಳೆದು ಬೆಲೆ ಇಳಿಯುತ್ತದೆ.

ಇಷ್ಟಾದರೂ ಆಗದಿದ್ದರೆ ಸುಲಭದ ಮಟ್ಟ ಆರಿಸಿಕೊಳ್ಳಿ. ಸಂಕೋಚ ಪಡುವಂಥದ್ದೇನೂ ಇಲ್ಲ, ಕಥೆ ಒಂದೇ.

## ನಡುವಿನ ದಾರಿ

ಸೋಷಿಯಲ್ ಲಿಂಕ್ ಎಲ್ಲಾ ಹತ್ತಕ್ಕೆ ತರಲೇಬೇಕಾ? ದಿನದಿನದ ಗೈಡ್ ಸಿಗುತ್ತೆ, ಅದನ್ನ ಇಟ್ಕೊಂಡು ಆಡ್ಲಾ?

ಊರಿನ ಒಬ್ಬೊಬ್ಬರ ಜೊತೆಗಿನ ಸ್ನೇಹವನ್ನು ಒಂದರಿಂದ ಹತ್ತರವರೆಗೆ ಅಳೆಯುವುದೇ ಸೋಷಿಯಲ್ ಲಿಂಕ್. ಗೈಡ್ ದಯವಿಟ್ಟು ಮೊದಲ ಸಲ ಬೇಡ. ಯಾವ ದಿನ ಯಾರ ಜೊತೆ ಹೋಗಬೇಕು, ಯಾವ ಉತ್ತರ ಕೊಟ್ಟರೆ ಅಂಕ ಹೆಚ್ಚು ಎಂದು ಪಟ್ಟಿ ಹಿಡಿದು ಆಡಿದರೆ ಎದುರಿಗಿರುವ ಮನುಷ್ಯರು ಮಾಯವಾಗಿ ಅಂಕಪಟ್ಟಿಯೊಂದೇ ಉಳಿಯುತ್ತದೆ. ಈ ಗೇಮ್ ನಿಮ್ಮಿಂದ ಕೇಳುವುದು ಯಾರಿಗೆ ಸಮಯ ಕೊಡುತ್ತೀರಿ ಎಂಬ ಒಂದೇ ಪ್ರಶ್ನೆಯನ್ನು. ಉತ್ತರವನ್ನು ಬೇರೆಯವರಿಂದ ಎರವಲು ತಂದರೆ ಆಡಿದ್ದಕ್ಕೆ ಅರ್ಥವೇನು?

ಲಿಂಕ್‌ಗಳು ಟ್ಯಾರೋ ಕಾರ್ಡ್‌ಗಳ ಹೆಸರಿನಲ್ಲಿವೆ. ಸಹಪಾಠಿ ಯೋಸುಕೆ ಮ್ಯಾಜಿಷಿಯನ್, ಚಿಯೆ ಚಾರಿಯಟ್, ನನಾಕೊ ಜಸ್ಟಿಸ್, ಹೀಗೆ. ಕೆಲವು ಕಥೆಯ ಜೊತೆ ತಾವಾಗಿಯೇ ಏರುತ್ತವೆ, ಅವಕ್ಕೆ ದಿನ ಖರ್ಚು ಮಾಡಬೇಕಿಲ್ಲ. ಒಂದೇ ಉಪಾಯ ನೆನಪಿಟ್ಟುಕೊಳ್ಳಿ: ಯಾರ ಜೊತೆ ಹೋಗುತ್ತೀರೋ ಅವರ ಕಾರ್ಡಿನ ಪರ್ಸೋನಾ ಒಂದು ನಿಮ್ಮ ಬಳಿ ಇರಲಿ, ಸ್ನೇಹ ಬೇಗ ಬೆಳೆಯುತ್ತದೆ. ತಂಡದವರ ಲಿಂಕ್ ಏರಿದರೆ ಕಾಳಗದಲ್ಲಿ ನಿಮಗೆ ಬರುವ ಪ್ರಾಣಾಂತಕ ಏಟಿಗೆ ಅವರು ಅಡ್ಡ ನಿಲ್ಲುತ್ತಾರೆ. ಹತ್ತು ಮುಟ್ಟಿದಾಗ ಅವರ ಪರ್ಸೋನಾ ರೂಪ ಬದಲಿಸುತ್ತದೆ.

ಟೈಮ್ ಕಡಿಮೆ ಇದೆ. ಯಾರ ಕಥೆ ಬಿಡಲೇಬಾರದು ಹೇಳಿ.

ನನಾಕೊ ಮತ್ತು ದೋಜಿಮಾ. ಎರಡೂ ಒಂದೇ ಕಥೆಯ ಎರಡು ಮಗ್ಗುಲು, ಒಂದು ಬಿಟ್ಟರೆ ಇನ್ನೊಂದು ಅರ್ಧ. ತಂಡದವರ ಕಥೆಗಳಿಗೆ ನೀವು ಹೇಗೂ ಹೋಗುತ್ತೀರಿ, ಆದ್ದರಿಂದ ಜನ ಹೆಚ್ಚು ಗಮನಿಸದ ಇಬ್ಬರನ್ನು ಹೆಸರಿಸುತ್ತೇನೆ.

ಒಬ್ಬ ನವೊಕಿ ಕೊನಿಶಿ. ಎರಡನೇ ಕೊಲೆಗೆ ಬಲಿಯಾದ ಸಾಕಿಯ ತಮ್ಮ. ಶಾಲೆಯಲ್ಲಿ ಎಲ್ಲರೂ ಅವನನ್ನು ಕನಿಕರದಿಂದ ನೋಡುತ್ತಾರೆ, ತಪ್ಪು ಮಾಡಿದರೂ ಬೈಯುವುದಿಲ್ಲ. ಅವನಿಗೆ ಆ ಕನಿಕರವೇ ಉಸಿರುಗಟ್ಟಿಸುತ್ತದೆ. ಅಕ್ಕ ಸತ್ತಿದ್ದಾಳೆ, ಆದರೆ ಅಳು ಬರುತ್ತಿಲ್ಲ, ಏಕೆ ಬರುತ್ತಿಲ್ಲವೆಂದು ಅವನಿಗೇ ಗೊತ್ತಿಲ್ಲ. ಸಾವಿನ ಮನೆಯ ಇಂಥ ಸೂಕ್ಷ್ಮವನ್ನು ಗೇಮೊಂದು ಇಷ್ಟು ತಾಳ್ಮೆಯಿಂದ ನೋಡಿದ್ದು ಅಪರೂಪ.

ಇನ್ನೊಬ್ಬರು ಹಿಸಾನೊ ಕುರೊದಾ, ಶೋಕದ ಕಪ್ಪು ಉಡುಪಿನಲ್ಲಿ ಸಾಮೆಗಾವಾ ನದಿ ದಂಡೆಯಲ್ಲಿ ಸಿಗುವ ಅಜ್ಜಿ. ಹದಿನೇಳರ ಹುಡುಗ ಮತ್ತು ಗಂಡನನ್ನು ಕಳೆದುಕೊಂಡ ಮುದುಕಿ ನದಿ ನೋಡುತ್ತಾ ಮಾತಾಡುವುದಷ್ಟೇ ಅಲ್ಲಿರುವುದು. ಡಂಜನ್‌ಗೆ ಅವರಿಂದ ಲಾಭ ಕಡಿಮೆ, ಆದರೂ ಹೋಗಿ.

ಫ್ಯೂಷನ್ ತಲೆಬುಡ ಅರ್ಥ ಆಗ್ತಿಲ್ಲ. ಇರೋ ಪರ್ಸೋನಾನೇ ಲೆವೆಲ್ ಏರಿಸಿದ್ರೆ ಆಗಲ್ವಾ?

ಆಗುವುದಿಲ್ಲ. ಪರ್ಸೋನಾ ಲೆವೆಲ್ ಏರುವುದು ನಿಧಾನ, ಸ್ವಲ್ಪ ದಿನಕ್ಕೇ ಅದು ಹಿಂದುಳಿಯುತ್ತದೆ. ಯಾವುದರ ಮೇಲೂ ಮಮಕಾರ ಬೇಡ. ನಾಯಕ ಎಷ್ಟೋ ಪರ್ಸೋನಾಗಳನ್ನು ಬದಲಿಸಬಲ್ಲ, ಉಳಿದವರಿಗೆ ಒಂದೊಂದೇ.

ನೀಲಿ ವೆಲ್ವೆಟ್ ರೂಮಿನಲ್ಲಿ ಎರಡನ್ನು ಬೆರೆಸಿದರೆ ಮೂರನೆಯದು ಹುಟ್ಟುತ್ತದೆ, ಮೊದಲಿನವುಗಳ ಕೆಲವು ಸ್ಕಿಲ್‌ಗಳು ಅದಕ್ಕೆ ಬರುತ್ತವೆ. ಹುಟ್ಟುವ ಪರ್ಸೋನಾದ ಕಾರ್ಡಿನ ಲಿಂಕ್ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಹೆಚ್ಚುವರಿ ಅನುಭವ ಅಂಕ ಸಿಗುತ್ತದೆ. ಊರಿನಲ್ಲಿ ಕಳೆದ ಸಂಜೆಗಳು ಡಂಜನ್‌ನಲ್ಲಿ ಕೈಹಿಡಿಯುವುದು ಹೀಗೆ. ಬೆರೆಸುವ ಮುನ್ನ ಒಳ್ಳೆಯದನ್ನು ಪುಸ್ತಕದಲ್ಲಿ ನೋಂದಾಯಿಸಿ, ಮುಂದೆ ಬೇಕಾದಾಗ ಹಣ ಕೊಟ್ಟು ಕರೆಸಬಹುದು. ಒಂದು ಹೊಸ ಡಂಜನ್‌ಗೆ ಹೊರಡುವಾಗ ನಾಲ್ಕೂ ಬಗೆಯ ಮಂತ್ರಗಳು ನಿಮ್ಮ ಪರ್ಸೋನಾಗಳಲ್ಲಿ ಹಂಚಿಹೋಗಿವೆಯೇ ಎಂದು ನೋಡಿಕೊಂಡರೆ ಅರ್ಧ ಕೆಲಸ ಆದಂತೆ.

ಗೇಮಲ್ಲೂ ಎಕ್ಸಾಮಾ?!

ಹೌದು, ಮೇ, ಜುಲೈ, ಅಕ್ಟೋಬರ್‌ಗಳಲ್ಲಿ. ತರಗತಿಯಲ್ಲಿ ಮೇಷ್ಟ್ರು ಕೇಳುವ ಪ್ರಶ್ನೆಗಳನ್ನು ಗಮನವಿಟ್ಟು ಕೇಳಿಸಿಕೊಂಡರೆ ಸಾಕು, ಅವೇ ತಿರುಗಿ ಬರುತ್ತವೆ. ಪರೀಕ್ಷೆಯ ವಾರ ಊರು ಸುತ್ತುವುದು ಬಂದ್.

## ಆಳಕ್ಕೆ ಇಳಿದವರು ಕೇಳುವುದು

ಎಲ್ಲರೂ ಶ್ಯಾಡೋ ಎದುರಿಗೆ "ನೀನು ನಾನಲ್ಲ" ಅಂತ ಯಾಕೆ ಕಿರುಚ್ತಾರೆ? ಹೌದು ಅಂದ್ರೆ ಫೈಟೇ ಇರಲ್ಲ ಅಲ್ವಾ?

ಸರಿಯಾಗಿ ಹಿಡಿದಿದ್ದೀರಿ, ಇಡೀ ಕಥೆ ನಿಂತಿರುವುದು ಅದರ ಮೇಲೆ. ಇದರ ಹಿಂದಿರುವುದು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಕಾರ್ಲ್ ಯೂಂಗ್ ಅವರ ವಿಚಾರ: ಲೋಕಕ್ಕೆ ತೋರಿಸುವ ಮುಖವಾಡ ಪರ್ಸೋನಾ, ನಾವು ಒಳಗೇ ಒತ್ತಿಟ್ಟುಕೊಂಡದ್ದು ಶ್ಯಾಡೋ. ಟಿವಿ ಲೋಕದಲ್ಲಿ ಆ ಒತ್ತಿಟ್ಟುಕೊಂಡದ್ದು ಎದ್ದು ನಿಂತು, ಗೆಳೆಯರೆಲ್ಲ ಕೇಳುವಂತೆ ಮಾತಾಡುತ್ತದೆ.

ಯುಕಿಕೊಳನ್ನೇ ನೋಡಿ. ಊರಿನ ಹೆಸರಾಂತ ಹಳೆಯ ಅಮಾಗಿ ವಸತಿಗೃಹಕ್ಕೆ ಅವಳೇ ವಾರಸುದಾರಳು. ಅಚ್ಚುಕಟ್ಟಾದ, ಮೃದುಮಾತಿನ ಹುಡುಗಿ. ಅವಳ ಶ್ಯಾಡೋ ರಾಜಕುಮಾರಿಯಂತೆ ಸಿಂಗರಿಸಿಕೊಂಡು, ತನ್ನನ್ನು ಯಾರಾದರೂ ಎಲ್ಲಿಗಾದರೂ ಎತ್ತಿಕೊಂಡು ಹೋಗಿ, ಈ ಮನೆತನದ ಪಂಜರ ಸಾಕಾಗಿದೆ ಎನ್ನುತ್ತದೆ. ಚಿಯೆಯ ಶ್ಯಾಡೋ ಇನ್ನೂ ಕಟು. ಯುಕಿಕೊ ತನ್ನನ್ನು ನೆಚ್ಚಿಕೊಂಡಿದ್ದಾಳೆ ಎಂಬ ಹಿರಿಮೆಯಿಲ್ಲದೆ ತಾನು ಏನೂ ಅಲ್ಲ ಎಂದು ಅದು ಹೇಳಿಬಿಡುತ್ತದೆ. ಯೋಸುಕೆಯ ಶ್ಯಾಡೋ, ಈ ಹಳ್ಳಿಯ ಬೇಸರ ಕಳೆಯಲು ಕೊಲೆಯೂ ಒಂದು ಮೋಜಾಯಿತು ಎನ್ನುತ್ತದೆ.

ಗೆಳೆಯರ ಮುಂದೆ ಇದನ್ನು ಕೇಳಿಸಿಕೊಂಡ ಹದಿನಾರರ ಯಾರು ತಾನೇ ಹೌದು ಎಂದಾರು? ಅಲ್ಲಗಳೆದ ಕೂಡಲೇ ಅದು ರಾಕ್ಷಸಾಕಾರ ತಾಳುತ್ತದೆ. ಸೋಲಿಸಿದರೂ ಅದು ಸಾಯುವುದಿಲ್ಲ. ತನ್ನದೇ ಅದು ಎಂದು ಆ ವ್ಯಕ್ತಿ ಒಪ್ಪಿಕೊಂಡಾಗ ಮಾತ್ರ ಪರ್ಸೋನಾ ಆಗಿ ಅವರ ಪಕ್ಷಕ್ಕೆ ಬರುತ್ತದೆ. ಗಮನಿಸಿ, ಒಪ್ಪಿಕೊಂಡ ಮಾತ್ರಕ್ಕೆ ಸಮಸ್ಯೆ ಬಗೆಹರಿಯುವುದಿಲ್ಲ. ಯುಕಿಕೊ ವಸತಿಗೃಹದಲ್ಲಿ ಉಳಿಯಬೇಕೇ ಬಿಡಬೇಕೇ ಎಂಬುದು ಅವಳ ಲಿಂಕಿನ ಉದ್ದಕ್ಕೂ ನಡೆಯುವ ತೊಳಲಾಟ.

ಶಿವ, ಗಣೇಶ, ಕಾಳಿ ಎಲ್ಲಾ ಬರ್ತಾರಂತೆ. ನಮ್ಮ ದೇವರನ್ನ ಆಟಕ್ಕೆ ಇಟ್ಕೊಂಡಿದ್ದಾರಾ?

ಬರುತ್ತಾರೆ. ಗಣೇಶ ಸ್ಟಾರ್ ಕಾರ್ಡಿನಲ್ಲಿ ಸಿಗುತ್ತಾನೆ. ಬಾಲಿ ದ್ವೀಪದ ರಂಗ್ದಾ ಮತ್ತು ಬಾರೊಂಗ್ ಇಬ್ಬರನ್ನೂ ಬೆರೆಸಿದರೆ ಶಿವ ಬರುತ್ತಾನೆ. ಮೆಗಾಮಿ ಟೆನ್ಸೈ ಕಾಲದಿಂದಲೂ ಈ ಗೇಮ್‌ಗಳು ಗ್ರೀಸ್, ಈಜಿಪ್ಟ್, ಭಾರತ, ಜಪಾನ್ ಎಂದು ಭೇದವಿಲ್ಲದೆ ಎಲ್ಲ ಪುರಾಣಗಳಿಂದ ಕರೆತರುತ್ತವೆ, ಪ್ರತಿಯೊಬ್ಬರ ಬಗ್ಗೆ ಚಿಕ್ಕ ಟಿಪ್ಪಣಿಯೂ ಇರುತ್ತದೆ. ಹಾಸ್ಯಕ್ಕೆ ಬಳಸಿದ್ದು ನಾನು ಕಂಡಿಲ್ಲ. ಆದರೂ ದಿನಾ ದೀಪ ಹಚ್ಚುವ ದೇವರನ್ನು ಕಾಳಗದಲ್ಲಿ ಕರೆಸಿ, ಇನ್ನೊಂದರ ಜೊತೆ ಬೆರೆಸುವುದು ಕೆಲವರಿಗೆ ಇರುಸುಮುರುಸಾಗಬಹುದು, ಅದು ನ್ಯಾಯವೇ. ಬೇಡವೆನಿಸಿದರೆ ಆ ಪರ್ಸೋನಾಗಳಿಲ್ಲದೆಯೂ ಗೇಮ್ ಮುಗಿಸಬಹುದು.

ಹೆಚ್ಚಿನ ತೂಕವಿರುವುದು ಜಪಾನಿನ ಪುರಾಣಕ್ಕೆ. ನಾಯಕನ ಮೊದಲ ಪರ್ಸೋನಾ ಇಜಾನಾಗಿ. 712ರಲ್ಲಿ ಸಿದ್ಧವಾದ ಪುರಾಣಗ್ರಂಥ ಕೊಜಿಕಿಯಲ್ಲಿ ಸತ್ತ ಹೆಂಡತಿಯನ್ನು ಕರೆತರಲು ಪಾತಾಳಕ್ಕೆ ಇಳಿಯುವ ದೇವತೆ ಇವನೇ. ಯುಕಿಕೊಳದ್ದು ಕೊನೊಹಾನಾ ಸಕುಯಾ, ಚಿಯೆಯದ್ದು ವೀರವನಿತೆ ತೊಮೊಯೆ. ಗೇಮ್ ಮುಗಿಸಿದ ಮೇಲೆ ಇಜಾನಾಗಿಯ ಕಥೆ ಓದಿ. ಮೊದಲೇ ಓದಿದರೆ ಕೆಲವು ಗುಟ್ಟು ಒಡೆಯುತ್ತವೆ.

ಕಾಂಜಿ ವಿಷಯದಲ್ಲಿ ಗೇಮ್ ನಡ್ಕೊಂಡ ರೀತಿ ಸರೀನಾ?

ಪೂರ್ತಿ ಸರಿಯಲ್ಲ. ಕಾಂಜಿ ಬಟ್ಟೆ ಅಂಗಡಿಯ ಮನೆಯ ಹುಡುಗ, ನೋಡಲು ಒರಟ, ಹೊಲಿಗೆ ಹೆಣಿಗೆಯಲ್ಲಿ ಕೈಚಳಕ. ಅದಕ್ಕಾಗಿ ಚಿಕ್ಕಂದಿನಿಂದ ಹುಡುಗಿಯರಿಂದ ಹಂಗಿಸಿಕೊಂಡವನು. ಅವನ ಶ್ಯಾಡೋ ಉಗಿಸ್ನಾನದ ಮನೆಯಲ್ಲಿ ಗಂಡಸರನ್ನು ಬಯಸುವವನಂತೆ ಅತಿರೇಕವಾಗಿ ಆಡುತ್ತದೆ. ಗಂಡಸುತನ ಎಂದರೇನು ಎಂಬ ಅವನ ಭಯವನ್ನು ಗೇಮ್ ನಿಜಕ್ಕೂ ಅರ್ಥಮಾಡಿಕೊಂಡಿದೆ, ಅವನ ಲಿಂಕ್ ಅತ್ಯಂತ ಮನಮಿಡಿಯುವಂಥದ್ದು. ಆದರೆ ಆಮೇಲೂ ಯೋಸುಕೆ ಅವನ ಬಗ್ಗೆ ಆಡುವ ಕುಹಕವನ್ನು ಯಾರೂ ತಡೆ ಹಿಡಿಯುವುದಿಲ್ಲ, ನಗೆಗೆ ಬಿಟ್ಟುಬಿಡುತ್ತಾರೆ. ನಿನ್ನನ್ನು ನೀನು ಒಪ್ಪಿಕೋ ಎಂದು ಹೇಳಲು ಹೊರಟ ಕಥೆಗೆ ಇದು ಕುಂದು. ತಂಡದ ಪತ್ತೇದಾರ ಹುಡುಗಿ ನವೊತೊಳ ವಿಷಯದಲ್ಲೂ ಹೀಗೇ. ಪೊಲೀಸರ ಗಂಡು ಲೋಕದಲ್ಲಿ ಹುಡುಗಿಯೊಬ್ಬಳ ಸಂಕಟವನ್ನು ಎತ್ತಿಕೊಂಡು, ನಡುವೆ ಸಡಿಲ ಬಿಡುತ್ತದೆ.

ಇನಾಬಾ ಊರಿನ ಕಥೆಗೂ ಜುನೆಸ್ ಮಾಲ್‌ಗೂ ಏನು ಸಂಬಂಧ?

ಇನಾಬಾ ಕಾಲ್ಪನಿಕ ಊರು, ಅದರ ಕಷ್ಟ ಮಾತ್ರ ಜಪಾನಿನ ಸಣ್ಣ ಊರುಗಳದ್ದೇ. ಜುನೆಸ್ ಬಂದ ಮೇಲೆ ಅಂಗಡಿ ಬೀದಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿವೆ. ಯೋಸುಕೆಯ ಅಪ್ಪ ಅದರ ಮ್ಯಾನೇಜರ್, ಹಾಗಾಗಿ ಬೀದಿಯ ಜನ ಹುಡುಗನನ್ನೂ ಓರೆಗಣ್ಣಿನಿಂದ ನೋಡುತ್ತಾರೆ. ಸಾಕಿಯ ಮನೆಯವರದು ಅದೇ ಬೀದಿಯ ಮದ್ಯದಂಗಡಿ. ಅವಳು ಸಂಬಳಕ್ಕೆ ಸೇರಿದ್ದು ಜುನೆಸ್‌ನಲ್ಲಿ. ಅಪ್ಪನಿಗೆ ಅದು ದ್ರೋಹವೆನಿಸುತ್ತದೆ. ವ್ಯಂಗ್ಯ ನೋಡಿ, ತಂಡದವರು ಸಭೆ ಸೇರುವುದು ಜುನೆಸ್‌ನ ಫುಡ್ ಕೋರ್ಟ್‌ನಲ್ಲೇ, ಟಿವಿಯೊಳಗೆ ಇಳಿಯುವುದು ಅಲ್ಲಿನ ಎಲೆಕ್ಟ್ರಾನಿಕ್ಸ್ ವಿಭಾಗದಿಂದಲೇ, ನನಾಕೊಗೆ ಲೋಕದಲ್ಲಿ ಅತಿ ಪ್ರಿಯವಾದ ಜಾಗವೂ ಅದೇ. ಯಾರನ್ನೂ ಖಳನಾಗಿಸದೆ ಒಂದು ಊರಿನ ಬದಲಾವಣೆಯನ್ನು ತೋರಿಸುವ ಈ ಪರಿ ನನಗೆ ಬಹಳ ಇಷ್ಟ.

ಡಿಸೆಂಬರ್‌ನಲ್ಲೇ ಗೇಮ್ ಮುಗಿದುಹೋಯ್ತು! ಇಷ್ಟೇನಾ? (ಇಲ್ಲಿ ಸುಳಿವು ಇದೆ, ಡಿಸೆಂಬರ್ ತಲುಪದವರು ಮುಂದಿನ ಪ್ರಶ್ನೆಗೆ ಹೋಗಿ)

ಇಷ್ಟೇ ಅಲ್ಲ. ನಿಮಗೆ ಸಿಕ್ಕಿದ್ದು ಕೆಟ್ಟ ಅಂತ್ಯ. ಡಿಸೆಂಬರ್ ಮೊದಲ ವಾರ ಆಸ್ಪತ್ರೆಯ ಕೋಣೆಯಲ್ಲಿ ತಂಡಕ್ಕೆ ಸಿಟ್ಟು ನೆತ್ತಿಗೇರಿರುತ್ತದೆ. ಅಲ್ಲಿ ಬರುವ ಆಯ್ಕೆಗಳಲ್ಲಿ ಕೋಪದ ಉತ್ತರ ಬಿಟ್ಟು, ಎಲ್ಲೋ ಏನೋ ಹೊಂದುತ್ತಿಲ್ಲ, ನಿಧಾನಿಸೋಣ ಎಂಬ ಅರ್ಥದ್ದನ್ನೇ ಆರಿಸುತ್ತಾ ಹೋಗಿ. ಆ ದೃಶ್ಯಕ್ಕೆ ಮುಂಚೆ ಬೇರೆ ಜಾಗದಲ್ಲಿ ಸೇವ್ ಮಾಡಿಟ್ಟುಕೊಳ್ಳಿ. ಅದಾದ ಮೇಲೆ ಅಪರಾಧಿಯ ಹೆಸರನ್ನು ನೀವೇ ಹೇಳಬೇಕು.

ಗೋಲ್ಡನ್‌ನ ಚಳಿಗಾಲದ ಡಂಜನ್ ಬೇಕಿದ್ದರೆ ಮರಿಯ ಲಿಂಕನ್ನು ಕ್ರಿಸ್‌ಮಸ್‌ಗೆ ಮೊದಲೇ ಹತ್ತಕ್ಕೆ ಮುಟ್ಟಿಸಿ. ಇನ್ನು ಮಾರ್ಚ್ 20ರಂದು ಎಲ್ಲರಿಗೂ ವಿದಾಯ ಹೇಳಿದ ಮೇಲೆ, ಮನೆಗೆ ಹೋಗೋಣವೇ ಎಂದು ಗೇಮ್ ಕೇಳಿದರೆ ತಲೆಯಾಡಿಸಬೇಡಿ. ಜುನೆಸ್ ಫುಡ್ ಕೋರ್ಟ್‌ಗೆ ಹೋಗಿ.

ಮುಗಿಸಿದೆ. ಮುಂದೆ ಯಾವುದು ಆಡಲಿ?

ಗೆಳೆತನ ಇಷ್ಟವಾಗಿದ್ದರೂ ಇನ್ನಷ್ಟು ಗಂಭೀರವಾದದ್ದು ಬೇಕಿದ್ದರೆ 2024ರ ಪರ್ಸೋನಾ 3 ರೀಲೋಡ್. ಅದರ ವಿಷಯ ನೇರವಾಗಿ ಸಾವು. ಕೈಯಿಂದ ರಚಿಸಿದ ಡಂಜನ್‌ಗಳು, ಟೋಕಿಯೊದ ಗಲಾಟೆ ಬೇಕಿದ್ದರೆ ಪರ್ಸೋನಾ 5 ರಾಯಲ್. 4ರಲ್ಲಿ ಡಂಜನ್ ಮಹಡಿಗಳು ಪ್ರತಿ ಸಲ ಹೊಸದಾಗಿ ಜೋಡಣೆಯಾಗಿ ಒಂದೇ ತರಹ ಕಾಣುತ್ತಿದ್ದವು ಎಂದು ದೂರಿದವರಿಗೆ 5 ತೃಪ್ತಿ ಕೊಡುತ್ತದೆ. ಹಶಿನೊ ಅವರದೇ ನಿರ್ದೇಶನದ ಮೆಟಫರ್ ರೆಫಾಂಟಾಜಿಯೊ 2024ರಲ್ಲಿ ಬಂದಿದೆ. ಅಲ್ಲಿ ಶಾಲೆಯಿಲ್ಲ, ರಾಜ್ಯವಿದೆ, ಆದರೆ ಕ್ಯಾಲೆಂಡರ್ ಮತ್ತು ಗಡುವು ಹಾಗೇ ಇವೆ. ರಾಯಲ್ ಮುಗಿಸಲು ನೂರು ಗಂಟೆಯ ಆಸುಪಾಸು ಬೇಕು, ರಜೆ ನೋಡಿಕೊಂಡು ಶುರು ಮಾಡಿ.